‘ಜೋಡಿ’ ಶಬ್ದದ ಅರ್ಥವಿಚಾರ

ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡಿನಲ್ಲಿ ಸೊಪ್ಪಿನ ಸಗಟು ದರವನ್ನು ‘ಜುಡಿ’ಯ ಲೆಕ್ಕದಲ್ಲಿ ಹೇಳುತ್ತಾರೆ. ಹೊಸದಾಗಿ ಬಂದ ಕನ್ನಡಿಗನು ಅದನ್ನು ‘ಜೋಡಿ’ಯೆಂದು ಕೇಳಿಸಿಕೊಂಡು, ಎರಡು ಕಟ್ಟು ದೊರೆಯುವುದೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಮರಾಠಿಯ ‘ಜುಡಿ’ಯಾದರೋ ಒಂದೇ ಕಟ್ಟು, ನಾವು ‘ಸಿವುಡು’ ಎನ್ನುವುದೂ ಅಂಥದೇ. ಈ ಸಣ್ಣ ಭ್ರಾಂತಿಯಿಂದ ಒಂದು ವಿಚಾರಣೀಯವಾದ ಪ್ರಶ್ನೆ ಏಳುತ್ತದೆ. ‘ಜೋಡಿ’ಗೆ ‘ಎರಡು’ ಎಂದಷ್ಟೇ ಅರ್ಥ ಬರೆದು ಮುಗಿಸುವುದು ಯುಕ್ತವೆ?

ನೊಗಕ್ಕೆ ಕಟ್ಟಿದ ಜೋಡೆತ್ತುಗಳು ಪರಸ್ಪರ ಸಹಾಯಕವಾದುವು. ಆದರೆ ಮೈಸೂರು ದಸರೆಯ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟು’ವುದೆಂದರೆ ಎದುರಾಳಿಗಳನ್ನು ಗೊತ್ತುಮಾಡುವುದು. ಸಂಸ್ಕೃತದ ‘ದ್ವಂದ್ವ’ಕ್ಕೂ ಇದೇ ಇಬ್ಬಗೆ ಉಂಟು: ಸಮಾಸದಲ್ಲಿ ಪದಗಳು ಸಮಪ್ರಧಾನವಾಗಿ ಕೂಡುತ್ತವೆ, ರಣರಂಗದಲ್ಲಿ ವೀರರು ಇದಿರಾಗುತ್ತಾರೆ. ತಂಬೂರಿಯ ನಡುವಣ ಎರಡು ತಂತಿಗಳು ಒಂದೇ ಷಡ್ಜವನ್ನು ನುಡಿಯುವುದರಿಂದ ಜೋಡಿ. ‘ಹಣ್ಣುಹಂಪಲು’ ಎಂಬ ಜೋಡುನುಡಿಯಲ್ಲಿ ಎರಡನೆಯ ಮಾತು ಮೊದಲನೆಯದರ ಅರ್ಥವನ್ನು ಹಿಗ್ಗಿಸುತ್ತದೆ. ಇವೆಲ್ಲಕ್ಕೂ ಸಮಾನವಾದುದು ಬರಿಯ ಸಂಖ್ಯೆಯಲ್ಲ, ತಕ್ಕುದಕ್ಕೆ ತಕ್ಕುದು ಸೇರುವ ಹೊಂದಿಕೆ.

ಹಳೆಯ ಮೈಸೂರಿನ ಕಂದಾಯ ಪರಿಭಾಷೆ ಮಾತ್ರ ಈ ಸೂತ್ರಕ್ಕೆ ಒಗ್ಗದು. ಅಲ್ಲಿ ಇನಾಂ ಭೂಮಿಗೆ ಸಲ್ಲಿಸುತ್ತಿದ್ದ ಅಲ್ಪ ಕಂದಾಯವೇ ‘ಜೋಡಿ’, ಸಲ್ಲಿಸುವವನು ‘ಜೋಡಿದಾರ’. 1954 ಮತ್ತು 1955ರ ಇನಾಂ ರದ್ದತಿ ಕಾನೂನುಗಳಿಂದ ಆ ಪದ್ಧತಿ ಅಳಿಯಿತು. ಈ ಅರ್ಥವನ್ನು ಬಲವಂತವಾಗಿ ‘ಎರಡ’ಕ್ಕೆ ಎಳೆಯದೆ ನಿಘಂಟಿನಲ್ಲಿ ಪ್ರತ್ಯೇಕವಾಗಿ ನಮೂದಿಸುವುದೇ ಲೇಸು.

‘ಜೋಡಿ’ ಮರಾಠಿಯ ಸೋಂಕೆಂದು ಅದನ್ನು ದೂರವಿಡುವವರು ನಮ್ಮಲ್ಲಿದ್ದಾರೆ. ಎರಡು ಭಾಷೆಗಳೂ ಬಳಸಿ ಸವೆಸಿದ ಮಾತಿನಿಂದ ಕೇಡೇನೂ ಇಲ್ಲ. ಅದೊಂದೇ ಉಳಿದು, ಉಳಿದವು ಮರೆಯಾಗುವುದೇ ಕೇಡು. ಒಡಹುಟ್ಟಿದ್ದು ‘ಅವಳಿ’, ಒಡನಿರುವುದು ‘ಜೊತೆ’, ಸರಿಸಮವಾದುದು ‘ಎಣೆ’. ‘ಎಣೆಯಿಲ್ಲದ ವೀರ’ ಎಂಬಲ್ಲಿ ‘ಜೋಡಿಯಿಲ್ಲದ’ ಎಂದರೆ ಅರ್ಥವೇ ಕೆಡುತ್ತದೆ. ಪುಣೆಯ ನಮ್ಮ ಮನೆಗಳಲ್ಲಿ ಮಕ್ಕಳು ಚಪ್ಪಲಿಗೂ ಅವಳಿ ಕೂಸುಗಳಿಗೂ ‘ಜೋಡಿ’ ಎಂದೇ ಹೇಳುವುದನ್ನು ಕೇಳಿದ್ದೇನೆ. ಅವರನ್ನು ತಿದ್ದುವ ಮೊದಲು, ಉಳಿದ ಮಾತುಗಳನ್ನು ಅವರೆದುರು ನಾವು ಎಷ್ಟು ಸಲ ಆಡಿದ್ದೇವೆಂದು ಕೇಳಿಕೊಳ್ಳಬೇಕು.

ನಮ್ಮ ಕವಿಗಳು ಚಕ್ರವಾಕವನ್ನು ‘ಎಣೆವಕ್ಕಿ’ ಎಂದರು. ಇರುಳೆಲ್ಲ ಅಗಲಿರುವುದೆಂದು ಕವಿಸಮಯವಿದ್ದರೂ ಅದರ ಹೆಸರಿನಿಂದ ‘ಎಣೆ’ ಬಿಟ್ಟುಹೋಗಲಿಲ್ಲ. ನಾಡಿನಿಂದ ದೂರವಿರುವ ನಮಗೆ ಈ ಶಬ್ದದ ನೆನಪು ಅವಶ್ಯ.