ಸೀಲಿಯಾಕ್ ವರದಿಯ ಏಳು ಸಾಲು

ಸೀಲಿಯಾಕ್ ಕಾಯಿಲೆ ಎಂದು ಗೊತ್ತಾದವರು ಆಸ್ಪತ್ರೆಯಿಂದ ಮನೆಗೆ ತರುವುದು ಎರಡು ಮೂರು ಹಾಳೆ. ಅದರಲ್ಲಿ ಇರುವುದು ಕೆಲವೇ ಸಾಲು, ಆದರೆ ಆ ಸಾಲುಗಳು ಇಡೀ ಅಡುಗೆಮನೆಯನ್ನು ಬದಲಿಸುತ್ತವೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅವುಗಳನ್ನು ಬಿಡಿಸಿ ಹೇಳುವಷ್ಟು ಹೊತ್ತು ವೈದ್ಯರಿಗೆ ಸಿಗುವುದು ಕಡಿಮೆ. ಕೆಳಗಿನ ಏಳು ಸಾಲು ಯಾರೊಬ್ಬರ ವರದಿಯೂ ಅಲ್ಲ. ಇಂಥ ವರದಿಗಳು ಹೇಗಿರುತ್ತವೋ ಹಾಗೆ, ಅರ್ಥ ಬಿಡಿಸಲೆಂದೇ ಬರೆದುಕೊಂಡದ್ದು.

ಸಾಲು 1: "ಹೆಣ್ಣು, 34 ವರ್ಷ. ಹಿಮೋಗ್ಲೋಬಿನ್ 8.2. ಎರಡು ವರ್ಷದಿಂದ ಕಬ್ಬಿಣದ ಮಾತ್ರೆ, ಗುಣ ಕಂಡಿಲ್ಲ."

ಹೊಟ್ಟೆಯ ಮಾತೇ ಇಲ್ಲ, ಗಮನಿಸಿ. ಸೀಲಿಯಾಕ್ ಎಂದರೆ ಭೇದಿ, ಹೊಟ್ಟೆಯುಬ್ಬರ, ಸೊರಗಿದ ಮಗು ಎಂದೇ ಬಹಳ ಕಾಲ ತಿಳಿದಿದ್ದರು. ದೊಡ್ಡವರಲ್ಲಿ ಎಷ್ಟೋ ಜನರಿಗೆ ಭೇದಿಯೇ ಇರುವುದಿಲ್ಲ. ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳುವುದು ಮುಖ್ಯವಾಗಿ ಸಣ್ಣಕರುಳಿನ ಮೊದಲ ಭಾಗದಲ್ಲಿ. ಸೀಲಿಯಾಕ್ ಮೊದಲು ಹಾಳುಮಾಡುವುದೂ ಅದೇ ಜಾಗವನ್ನು. ಹೀಗಾಗಿ ಮಾತ್ರೆ ನುಂಗಿದರೂ ರಕ್ತ ಏರುವುದಿಲ್ಲ. ಚಿಕ್ಕ ವಯಸ್ಸಿಗೇ ಸವೆದ ಮೂಳೆ, ಮತ್ತೆ ಮತ್ತೆ ಬರುವ ಬಾಯಿಹುಣ್ಣು, ವಯಸ್ಸಿಗೆ ತಕ್ಕಂತೆ ಎತ್ತರ ಬೆಳೆಯದ ಮಗು, ಮೊಣಕೈ ಮೊಣಕಾಲಿನ ಮೇಲೆ ತುರಿಸುವ ಗುಳ್ಳೆ, ಇವೆಲ್ಲವೂ ಇದೇ ಕಾಯಿಲೆಯ ಮುಖಗಳಾಗಿರಬಹುದು. ರಕ್ತ ಕಡಿಮೆ ಇರುವವರಿಗೆಲ್ಲ ಸೀಲಿಯಾಕ್ ಇರುತ್ತದೆ ಎಂದು ಹೇಳುತ್ತಿಲ್ಲ. "ಹೆಂಗಸರಿಗೆ ರಕ್ತ ಕಡಿಮೆ ಇರೋದೇ ಬಿಡಿ" ಎಂದು ಕೈಬಿಡುವ ಮಾತನ್ನು ಮಾತ್ರ ನಾನು ಸಹಿಸುವುದಿಲ್ಲ. ಮಾತ್ರೆಗೆ ಬಗ್ಗದ ರಕ್ತಹೀನತೆಗೆ ಕಾರಣ ಹುಡುಕಲೇಬೇಕು.

ನಮ್ಮಲ್ಲಿ ಇನ್ನೊಂದು ಸಮಾಧಾನವೂ ಇದೆ: ನಾವು ಅನ್ನ ಮುದ್ದೆ ತಿನ್ನುವವರು, ಗೋಧಿಯ ಕಾಯಿಲೆ ಉತ್ತರದವರದು. ಇದರಲ್ಲಿ ಅರ್ಧ ನಿಜವಿದೆ. 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಈ ಕಾಯಿಲೆಯ ಪ್ರತಿಕಾಯ ಉತ್ತರದ ಜನರಲ್ಲಿ ಶೇ. 1.23, ದಕ್ಷಿಣದವರಲ್ಲಿ ಶೇ. 0.10 ಕಂಡಿತು. ಆದರೆ ಕಾಯಿಲೆಗೆ ಅವಕಾಶ ಕೊಡುವ ಜೀನ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಮೂವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಯಲ್ಲಿತ್ತು. ಎದ್ದು ಕಂಡ ವ್ಯತ್ಯಾಸ ತಟ್ಟೆಯಲ್ಲಿ: ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ದಕ್ಷಿಣದಲ್ಲಿ 25 ಗ್ರಾಂ. ಆ ತಟ್ಟೆ ಈಗ ಬದಲಾಗುತ್ತಿದೆ. ಸಕ್ಕರೆ ಕಾಯಿಲೆಗೆ ಹೆದರಿ ರಾತ್ರಿಯ ಅನ್ನ ಬಿಟ್ಟು ಚಪಾತಿಗೆ ಬಂದ ಮನೆಗಳು ಎಷ್ಟಿಲ್ಲ? ಬೆಳಿಗ್ಗೆ ಬ್ರೆಡ್ಡು, ಸಂಜೆ ಬಿಸ್ಕತ್ತು, ಮಕ್ಕಳ ಡಬ್ಬಿಗೆ ನೂಡಲ್ಸ್. ನಮ್ಮನ್ನು ಕಾಪಾಡುತ್ತಿದ್ದುದು ಊಟವಾಗಿದ್ದರೆ, ಆ ಕಾವಲು ತೆಳ್ಳಗಾಗುತ್ತಿದೆ.

ಸಾಲು 2: "ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಐಜಿಎ: 96 ಯೂನಿಟ್. ಸಹಜ ಮಿತಿ: 10ರ ಒಳಗೆ."

ಬಾಯಿಮಾತಿನಲ್ಲಿ ಟಿಟಿಜಿ. ಗೋಧಿ, ಬಾರ್ಲಿ, ರೈ ಕಾಳುಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಪೂರ್ತಿ ಜೀರ್ಣವಾಗದೆ ಚೂರುಗಳಾಗಿ ಉಳಿಯುತ್ತದೆ. ಕರುಳಿನ ಗೋಡೆಯಲ್ಲಿರುವ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಆ ಚೂರುಗಳ ರೂಪವನ್ನು ತುಸು ಬದಲಿಸುತ್ತದೆ. ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಜೀನ್ ಇರುವ ಕೆಲವರಲ್ಲಿ ರೋಗನಿರೋಧಕ ಕಣಗಳು ಇದನ್ನು ಶತ್ರುವೆಂದು ಬಗೆದು ಕರುಳಿನ ಮೇಲೆಯೇ ಬೀಳುತ್ತವೆ. ಜೊತೆಗೆ ಆ ಕಿಣ್ವದ ವಿರುದ್ಧವೇ ಪ್ರತಿಕಾಯ ಹುಟ್ಟುತ್ತದೆ. ರಕ್ತದಲ್ಲಿ ಅಳೆದದ್ದು ಅದನ್ನೇ. ಇದು ಅಜೀರ್ಣವೂ ಅಲ್ಲ, ಅಲರ್ಜಿಯೂ ಅಲ್ಲ. ದೇಹ ತನ್ನನ್ನೇ ಹೊಡೆಯುವ ಕಾಯಿಲೆ.

ಈ ಸಾಲಿನ ಹಿಂದೆ ಅಡಗಿರುವ ಒಂದು ಷರತ್ತನ್ನು ವರದಿಯಲ್ಲಿ ಯಾರೂ ಬರೆಯುವುದಿಲ್ಲ. ಪರೀಕ್ಷೆಯ ಹೊತ್ತಿಗೆ ಗೋಧಿ ತಿನ್ನುತ್ತಿರಬೇಕು. ಹೊಟ್ಟೆ ಸರಿಯಿಲ್ಲವೆಂದು ಯಾರೋ ಹೇಳಿದ ಮಾತು ಕೇಳಿ ನಾಲ್ಕು ತಿಂಗಳು ಚಪಾತಿ ಬಿಟ್ಟು, ಆಮೇಲೆ ರಕ್ತ ಕೊಟ್ಟರೆ ಪ್ರತಿಕಾಯ ಇಳಿದುಹೋಗಿರಬಹುದು. ವರದಿ "ಸಹಜ" ಎನ್ನುತ್ತದೆ, ಕಾಯಿಲೆ ಇದ್ದಲ್ಲಿಯೇ ಇರುತ್ತದೆ. ಆಗ ಖಚಿತಪಡಿಸಿಕೊಳ್ಳಲು ಮತ್ತೆ ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಗೋಧಿ ತಿನ್ನಬೇಕಾಗುತ್ತದೆ. ಬಿಟ್ಟು ಹಗುರಾದ ದೇಹಕ್ಕೆ ಅದು ದೊಡ್ಡ ಶಿಕ್ಷೆ. ಮೊದಲಿನಿಂದಲೂ ರಾಗಿ ಅಕ್ಕಿಯನ್ನೇ ಉಂಡು ಅಪರೂಪಕ್ಕೆ ಗೋಧಿ ಮುಟ್ಟುವವರು ಆ ಸಂಗತಿಯನ್ನು ವೈದ್ಯರಿಗೆ ತಾವಾಗಿ ಹೇಳಬೇಕು. ಅವರು ಕೇಳಲಿಕ್ಕಿಲ್ಲ.

ಸಾಲು 3: "ಒಟ್ಟು ಐಜಿಎ: ಸಹಜ."

ಚಿಕ್ಕ ಸಾಲು. ಕೆಲವರ ದೇಹದಲ್ಲಿ ಐಜಿಎ ಎಂಬ ಪ್ರತಿಕಾಯವೇ ಹುಟ್ಟುವುದಿಲ್ಲ, ಸೀಲಿಯಾಕ್ ಇರುವವರಲ್ಲಿ ಇಂಥವರು ಶೇ. 2ರಿಂದ 3. ಅವರಿಗೆ ಮೇಲಿನ ಪರೀಕ್ಷೆ ಸುಳ್ಳು ಹೇಳುತ್ತದೆ, ಐಜಿಜಿ ಬಗೆಯ ಪರೀಕ್ಷೆ ಮಾಡಿಸಬೇಕು. ನಿಮ್ಮ ವರದಿಯಲ್ಲಿ ಈ ಸಾಲು ಇಲ್ಲದಿದ್ದರೆ ಕೇಳಿ.

ಸಾಲು 4: "ಡುವೋಡಿನಮ್ ಬಯಾಪ್ಸಿ: ಮಾರ್ಷ್ 3ಬಿ."

ಬಾಯಿಯ ಮೂಲಕ ಕೊಳವೆ ಇಳಿಸಿ, ಜಠರ ದಾಟಿದ ಕೂಡಲೇ ಸಿಗುವ ಕರುಳಿನಿಂದ ಐದಾರು ಚೂರು ತೆಗೆಯುತ್ತಾರೆ. ಹಾನಿ ಅಲ್ಲಲ್ಲಿ ತೇಪೆಯಂತೆ ಇರಬಹುದಾದ್ದರಿಂದ ಒಂದು ಚೂರು ಸಾಲದು. ಒಳ್ಳೆಯ ಕರುಳಿನ ಒಳಗೋಡೆ ಹೊಸ ಟರ್ಕಿ ಟವೆಲ್ಲಿನ ಹಾಗೆ ನವಿರು ನವಿರಾಗಿ ಎದ್ದಿರುತ್ತದೆ. ಆ ಎಳೆಗಳೇ ವಿಲ್ಲೈ, ಆಹಾರದ ಸತ್ವ ಹೀರುವುದು ಅವೇ. ಮಾರ್ಷ್ 3 ಎಂದರೆ ಅವು ಸವೆದಿವೆ ಎಂದು ಅರ್ಥ. ಎ ಸ್ವಲ್ಪ, ಬಿ ಬಹಳ, ಸಿ ಪೂರ್ತಿ. ಮಕ್ಕಳಲ್ಲಿ ಟಿಟಿಜಿ ಮಿತಿಯ ಹತ್ತು ಪಟ್ಟು ದಾಟಿ, ಬೇರೆಯಾಗಿ ತೆಗೆದ ರಕ್ತದಲ್ಲಿ ಇನ್ನೊಂದು ಪ್ರತಿಕಾಯವೂ ಕಂಡರೆ ಬಯಾಪ್ಸಿ ಇಲ್ಲದೆಯೇ ತೀರ್ಮಾನಿಸಬಹುದು ಎಂದು ಯುರೋಪಿನ ಮಕ್ಕಳ ತಜ್ಞರ 2020ರ ಮಾರ್ಗಸೂಚಿ ಹೇಳುತ್ತದೆ. ಅದು ತಜ್ಞರ ನಿರ್ಧಾರ, ನಮ್ಮದಲ್ಲ.

ಸಾಲು 5: "ಸಲಹೆ: ಜೀವನಪರ್ಯಂತ, ಕಟ್ಟುನಿಟ್ಟಾಗಿ ಗ್ಲುಟೆನ್ ಇಲ್ಲದ ಆಹಾರ."

ಇಂದಿಗೂ ಇದೊಂದೇ ಚಿಕಿತ್ಸೆ. ಇದರ ಹಿಂದೆ ಒಂದು ಬರಗಾಲದ ನೆನಪಿದೆ. ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕ್ಕೆ ಅವರಿಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ, ಯುದ್ಧದ ನಡುವೆ, ಅಲ್ಲಿ ಬ್ರೆಡ್ಡು ಸಿಗದಾಯಿತು. ಊರೆಲ್ಲ ಹಸಿದಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿ ಬಂದಾಗ ಮತ್ತೆ ನರಳಿದರು. 1950ರಲ್ಲಿ ಡಿಕ್ಕೆ ತಮ್ಮ ಪ್ರಬಂಧದಲ್ಲಿ ಗೋಧಿಯೇ ಕಾರಣವೆಂದು ಬರೆದರು.

ಈಗ ನಮ್ಮ ಅಡುಗೆಮನೆಗೆ ಬರೋಣ. ಮುದ್ದೆ, ಅಕ್ಕಿ ರೊಟ್ಟಿ, ಜೋಳದ ರೊಟ್ಟಿ, ಇಡ್ಲಿ, ದೋಸೆ, ನವಣೆ, ಸಜ್ಜೆ, ಅವಲಕ್ಕಿ: ಕನ್ನಡದ ಮನೆಗೆ ಗ್ಲುಟೆನ್ ಇಲ್ಲದ ಊಟ ಹೊಸದಾಗಿ ಕಲಿಯಬೇಕಾದದ್ದಲ್ಲ. ಬಿಡಬೇಕಾದವು ಚಪಾತಿ, ಪೂರಿ, ರವೆ ಉಪ್ಪಿಟ್ಟು, ಕೇಸರಿಬಾತು, ಶ್ಯಾವಿಗೆ, ಚಿರೋಟಿ, ಮೈದಾ ಕಣಕದ ಹೋಳಿಗೆ. ಖಪಲಿ ಗೋಧಿ ಹಳೆಯ ತಳಿ, ಅದು ಒಗ್ಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಅದೂ ಗೋಧಿಯೇ.

ಕಷ್ಟವಿರುವುದು ಕಣ್ಣಿಗೆ ಬೀಳದ ಗೋಧಿಯಲ್ಲಿ. ಇಂಗಿನ ಡಬ್ಬಿಯ ಹಿಂಬದಿ ಓದಿ. ಅಂಗಡಿಯ ಇಂಗಿನಲ್ಲಿ ಹೆಚ್ಚಿನವು ಹಿಟ್ಟು, ಗೋಂದು ಬೆರೆಸಿ ಕಟ್ಟಿದವು, ಆ ಹಿಟ್ಟು ಬಹಳ ಸಲ ಗೋಧಿಯದು. ಸಾರು, ಹುಳಿ, ಗೊಜ್ಜು, ಉಪ್ಪಿನಕಾಯಿ, ಮಜ್ಜಿಗೆಯ ಒಗ್ಗರಣೆ, ಎಲ್ಲಕ್ಕೂ ಅದೇ ಚಿಟಿಕೆ. ಅಕ್ಕಿ ಹಿಟ್ಟಿನಲ್ಲಿ ಕಟ್ಟಿದ ಇಂಗು ಹುಡುಕಿ ತರಬೇಕು, ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಸಾಕು.

ಆಮೇಲೆ ಮಿಲ್ಲು. ರಾಗಿ ಬೀಸಿಸಲು ಹೋದರೆ ನಮ್ಮ ಮುಂದಿನವರ ಗೋಧಿ ಆಗಷ್ಟೇ ಮುಗಿದಿರುತ್ತದೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆಯ ತೋಳಿನಲ್ಲಿ ಉಳಿದದ್ದು ಮೊದಲು ನಮ್ಮ ಡಬ್ಬಕ್ಕೆ ಬೀಳುತ್ತದೆ. ಕಂದು ಹಿಟ್ಟಿನ ನಡುವೆ ಬಿಳಿಯ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಒಂದು ಚಪಾತಿಯಲ್ಲಿ ಎರಡು ಗ್ರಾಮಿಗೂ ಹೆಚ್ಚು ಗ್ಲುಟೆನ್ ಇದೆ. ದಿನಕ್ಕೆ 50 ಮಿಲಿಗ್ರಾಂ, ಅಂದರೆ ಆ ಚಪಾತಿಯ ಸುಮಾರು ಐವತ್ತನೇ ಒಂದು ಪಾಲು, ಕೆಲವು ತಿಂಗಳಲ್ಲಿ ಕರುಳನ್ನು ಕೆಡಿಸಬಲ್ಲದು. ಇಷ್ಟು ಲೆಕ್ಕ ಮನಸ್ಸಿಗೆ ಇಳಿದರೆ ಮಿಲ್ಲಿನ ಹಿಟ್ಟಿನ ಆಸೆ ಬಿಡುತ್ತೇವೆ. ಕಾಳನ್ನು ಮನೆಯಲ್ಲೇ ಆರಿಸಿ, ತೊಳೆದು ಒಣಗಿಸಿ, ಮಿಕ್ಸಿಗೆ ಹಾಕಿ ಜರಡಿ ಹಿಡಿಯುವುದು ಉತ್ತಮ. ಆ ಜರಡಿಯೂ ಬೇರೆ, ಮಣೆ ಲಟ್ಟಣಿಗೆಯೂ ಬೇರೆ. ಪೊಟ್ಟಣದ ಪದಾರ್ಥಕ್ಕೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಅದಕ್ಕಿಂತ ಹೆಚ್ಚಿದ್ದರೆ ಗ್ಲುಟೆನ್ ರಹಿತ ಎಂದು ಬರೆಯುವಂತಿಲ್ಲ.

ಹೋಟೆಲಿನಲ್ಲಿ ಮೈದಾ ಬೆರೆತ ರವಾ ದೋಸೆ ಹುಯ್ದ ಕಾವಲಿಯ ಮೇಲೆಯೇ ಮಸಾಲೆ ದೋಸೆ. ಪೂರಿ ಕರಿದ ಎಣ್ಣೆಯಲ್ಲೇ ಉದ್ದಿನ ವಡೆ. ಗೋಬಿ ಮಂಚೂರಿಯ ಮೇಲುಹಿಟ್ಟಿನಲ್ಲಿ ಮೈದಾ, ಸೋಯಾ ಸಾಸಿನಲ್ಲಿ ಗೋಧಿ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಬಾರ್ಲಿ.

ಎಲ್ಲಕ್ಕಿಂತ ಬಿಗಿ ಘಳಿಗೆ ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದ್ದು. ರವೆಯಲ್ಲಿ ಮಾಡಿದ ಪ್ರಸಾದ ಅಂಗೈಗೆ ಬಿದ್ದಾಗ "ಒಂದು ಚೂರು ತಗೊಳ್ಳಮ್ಮ, ದೇವರದು, ಏನೂ ಆಗಲ್ಲ" ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಆಗುತ್ತದೆ. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡಿ, ಹಣ್ಣೋ ಪಂಚಾಮೃತವೋ ತೆಗೆದುಕೊಳ್ಳಿ. ಮನೆಯವರೇ ಮುಂದಾಗಿ ಒಂದು ಮಾತು ಹೇಳಿದರೆ ಆ ಹೆಣ್ಣುಮಗಳು ಪ್ರತಿ ಸಲ ವಾದಿಸಬೇಕಾಗುವುದಿಲ್ಲ.

ಸಾಲು 6: "ಆರು ತಿಂಗಳ ನಂತರ ಟಿಟಿಜಿ ಮತ್ತೆ. ವಿಟಮಿನ್ ಡಿ, ಬಿ12, ಫೋಲೇಟ್, ಕಬ್ಬಿಣ ನೋಡುವುದು."

ಪಥ್ಯ ಸರಿಯಾಗಿದ್ದರೆ 96 ಇಳಿಯುತ್ತಾ ಹೋಗುತ್ತದೆ. ಇಳಿಯದಿದ್ದರೆ ಎಲ್ಲೋ ಗೋಧಿ ನುಸುಳುತ್ತಿರುವ ಸಾಧ್ಯತೆಯೇ ಹೆಚ್ಚು, ಇಂಗಿನ ಡಬ್ಬಿಯಿಂದ ಹುಡುಕಲು ಶುರುಮಾಡಿ. ದೊಡ್ಡವರ ಕರುಳು ಪೂರ್ತಿ ಚೇತರಿಸಲು ವರ್ಷಗಳೇ ಬೇಕಾಗಬಹುದು. ಮೊದಮೊದಲು ಹಾಲು ಒಗ್ಗದೆ ಹೋಗಬಹುದು, ಸಾಮಾನ್ಯವಾಗಿ ಅದು ಕರುಳು ಸುಧಾರಿಸಿದಂತೆ ಸರಿಹೋಗುತ್ತದೆ.

ಸಾಲು 7: "ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಿಗೆ ತಪಾಸಣೆ."

ಈ ಹತ್ತಿರದ ರಕ್ತಸಂಬಂಧಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಕಾಯಿಲೆ ಇರಬಹುದು, ಲಕ್ಷಣ ಕಾಣದೆಯೂ ಇರಬಹುದು. ಮನೆಯಲ್ಲಿ ಒಬ್ಬರಿಗೆ ಗೊತ್ತಾದ ಕೂಡಲೇ ಎಲ್ಲರೂ ಒಟ್ಟಿಗೆ ಗೋಧಿ ಬಿಡುವ ಕುಟುಂಬಗಳಿವೆ. ಆ ಪ್ರೀತಿ ದೊಡ್ಡದು. ಆದರೆ ಹಾಗೆ ಬಿಟ್ಟ ಮೇಲೆ ತಂಗಿಗೋ ಮಗನಿಗೋ ಮಾಡಿಸಿದ ಪರೀಕ್ಷೆಗೆ ಬೆಲೆಯಿಲ್ಲ. ಗೋಧಿಯ ಡಬ್ಬ ಮನೆಯಿಂದ ಹೊರಗೆ ಹೋಗುವ ಮೊದಲು, ಆ ವಾರವೇ, ಎಲ್ಲರೂ ರಕ್ತ ಕೊಟ್ಟು ಬನ್ನಿ.