ಕ್ರಿ. ಶ. 1604: ಭಟ್ಟಾಕಳಂಕನ ವ್ಯಾಕರಣವೂ ಅದರ ಭಾಷೆಯೂ

ಕನ್ನಡ ವ್ಯಾಕರಣಶಾಸ್ತ್ರದ ಇತಿಹಾಸದಲ್ಲಿ ಕ್ರಿ. ಶ. 1604 ಸ್ಮರಣೀಯವಾದ ವರ್ಷ. ಜೈನಯತಿಯಾದ ಭಟ್ಟಾಕಳಂಕದೇವನು ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದುದು ಆ ವರ್ಷದಲ್ಲಿ. 592 ಸೂತ್ರಗಳು, ಅವುಗಳಿಗೆ ‘ಭಾಷಾಮಂಜರಿ’ಯೆಂಬ ವೃತ್ತಿ, ವೃತ್ತಿಗೆ ‘ಮಂಜರೀಮಕರಂದ’ವೆಂಬ ವ್ಯಾಖ್ಯಾನ, ಮೂರೂ ಸಂಸ್ಕೃತದಲ್ಲಿವೆ.

ಆಕ್ಷೇಪವು ಹುಟ್ಟುವುದೂ ಇಲ್ಲಿಯೇ. ಸುಮಾರು 1260ರಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಕನ್ನಡ ಕಂದಪದ್ಯಗಳಲ್ಲಿ ರಚಿಸಿರಲು, ಮೂರು ಶತಮಾನಗಳಿಗೂ ಮಿಕ್ಕು ಈಚೆಗೆ ಬಂದವನು ಸಂಸ್ಕೃತಕ್ಕೆ ಮರಳಿದುದು ಹಿಂದಡಿಯಲ್ಲವೆ? ಈ ಪ್ರಶ್ನೆ ಮೇಲ್ನೋಟಕ್ಕೆ ಯುಕ್ತವೆಂದು ತೋರಿದರೂ ಗ್ರಂಥದ ಪ್ರಯೋಜನವನ್ನು ಮರೆತು ಕೇಳಿದುದಾಗಿದೆ.

ಶಾಸ್ತ್ರಗ್ರಂಥಕ್ಕೆ ಅಧಿಕಾರಿ ಯಾರೆಂಬುದನ್ನು ಮೊದಲು ನಿಶ್ಚಯಿಸಬೇಕು. ಕೇಶಿರಾಜನ ಎದುರಿಗಿರುವವನು ಕನ್ನಡ ಕಾವ್ಯವನ್ನು ಅಭ್ಯಾಸಮಾಡುವ ವಿದ್ಯಾರ್ಥಿ; ಭಟ್ಟಾಕಳಂಕನ ಎದುರಿಗಿರುವವನು, ದೇಶಭಾಷೆಗೆ ಅನುಶಾಸನವೇತಕ್ಕೆ ಎನ್ನುವ ಸಂಸ್ಕೃತಪಂಡಿತ. ಅವನಿಗೆ ಉತ್ತರವಾಗಿ, ತತ್ತ್ವಾರ್ಥಮಹಾಶಾಸ್ತ್ರಕ್ಕೆ ಕನ್ನಡದಲ್ಲಿ 96,000 ಗ್ರಂಥಪರಿಮಾಣದ ‘ಚೂಡಾಮಣಿ’ ವ್ಯಾಖ್ಯಾನವಿದ್ದುದನ್ನು ಭಟ್ಟಾಕಳಂಕನು ಸಾಕ್ಷಿಯಾಗಿ ನಿಲ್ಲಿಸುತ್ತಾನೆ. ಪ್ರತಿವಾದಿಯು ಒಪ್ಪಿದ ಪರಿಭಾಷೆಯಲ್ಲಿಯೇ ಅವನನ್ನು ನಿರುತ್ತರಗೊಳಿಸುವುದು ವಾದಮಾರ್ಗ. ಸೂತ್ರಗಳು ಸಂಸ್ಕೃತದವಾದರೂ ಅವುಗಳಿಗೆ ಪ್ರಮಾಣವಾಗಿರುವುದು ಪೂರ್ವಕವಿಗಳ ಕನ್ನಡ ಪ್ರಯೋಗವೇ.

ನಾಗವರ್ಮನ ದೃಷ್ಟಾಂತವು ಇದಕ್ಕೆ ಪೋಷಕ. ಕೇಶಿರಾಜನಿಗಿಂತ ಮೊದಲೇ ಆತನು ‘ಕಾವ್ಯಾವಲೋಕನ’ದ ‘ಶಬ್ದಸ್ಮೃತಿ’ಯನ್ನು ಕನ್ನಡದಲ್ಲಿಯೂ, ‘ಕರ್ಣಾಟಕ ಭಾಷಾಭೂಷಣ’ವನ್ನು ಸಂಸ್ಕೃತಸೂತ್ರಗಳಲ್ಲಿಯೂ ಬರೆದನು. ಒಬ್ಬನೇ ಲಾಕ್ಷಣಿಕನು ಎರಡು ಭಾಷೆಗಳನ್ನು ಹಿಡಿದುದರಿಂದ, ಲಕ್ಷಣಗ್ರಂಥದ ಭಾಷೆಯನ್ನು ನೋಡಿ ಕರ್ತೃವಿನ ಭಾಷಾಭಿಮಾನವನ್ನು ಅಳೆಯಲಾಗದೆಂಬುದು ಸ್ಪಷ್ಟ.

ಕಾಲವನ್ನೂ ಗಮನಿಸಬೇಕು. 1565ರ ಯುದ್ಧದಲ್ಲಿ ವಿಜಯನಗರದ ಬಲ ಮುರಿದು 39 ವರ್ಷಗಳಾಗಿದ್ದವು. ಅಥಣಿ, ರಾಯಬಾಗಗಳ ಸೀಮೆಯು ವಿಜಾಪುರದ ಎರಡನೆಯ ಇಬ್ರಾಹಿಮ್ ಆದಿಲಶಾಹನ ಅಧೀನದಲ್ಲಿತ್ತು; ಅವನ ಆಸ್ಥಾನದಲ್ಲಿ ಫಾರಸಿಗೂ ದಖನಿಗೂ ಮನ್ನಣೆ. ರಾಜಾಶ್ರಯವು ಹೀಗೆ ಕ್ಷೀಣಿಸಿದ್ದಾಗ ಕನ್ನಡದ ಗೌರವವನ್ನು ಶಾಸ್ತ್ರಬಲದಿಂದ ಸ್ಥಾಪಿಸಿದುದು ಅಲ್ಪಕಾರ್ಯವಲ್ಲ.

ಇದಕ್ಕೆ ತೆತ್ತ ಬೆಲೆಯೂ ಉಂಟು. ಸಂಸ್ಕೃತವನ್ನರಿಯದ ಕನ್ನಡಿಗನಿಗೆ ಈ ಗ್ರಂಥವು ಮುಚ್ಚಿದ ಬಾಗಿಲು. ಕಂಠಪಾಠಕ್ಕೆ ಸುಲಭವಾದ ಕಂದಪದ್ಯಗಳು ಪಾಠಶಾಲೆಗಳಲ್ಲಿ ನೆಲೆಗೊಂಡವು. ಸೂತ್ರಗಳು ಪಂಡಿತರಲ್ಲಿಯೇ ಉಳಿದವು. ಲೂಯಿ ರೈಸರು 1890ರಲ್ಲಿ ಇದನ್ನು ಮುದ್ರಿಸಿದರು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಮುದ್ರಣವು 1923ರಲ್ಲಿ ಬಂದಿತು. ಆದರೂ ಇದನ್ನು ಓದುವವರಿಗಿಂತ ಹೆಸರಿಸುವವರೇ ಹೆಚ್ಚು.

ಕೇಶಿರಾಜನಿಂದ ಕನ್ನಡದ ಕ್ರಮವನ್ನು ಕಲಿಯಬಹುದು. ಆ ಕ್ರಮವು ಶಾಸ್ತ್ರವೆನಿಸಲು ಏಕೆ ಅರ್ಹವೆಂಬುದಕ್ಕೆ ಭಟ್ಟಾಕಳಂಕನನ್ನೇ ಕೇಳಬೇಕು. ಆದುದರಿಂದ ಅಧ್ಯಾಪಕರು ಇವೆರಡನ್ನು ಪ್ರತಿಸ್ಪರ್ಧಿಗಳೆಂದೆಣಿಸದೆ ಜೊತೆಯಾಗಿ ಪಾಠಹೇಳುವುದು ಉಚಿತ.