ಮಲಗ್ಸು ಅಂದ್ರೆ ಯಾರನ್ನ?

ಕೈಗಾ ಟೌನ್‌ಶಿಪ್‌ನಲ್ಲಿರೋ ತಂಗಿ ಮನೆಗೆ ರಜೆಗೆ ಹೋದಾಗ ಒಂದು ಹಳೇ ಸಂಶೋಧನಾ ಲೇಖನ ಓದ್ತಾ ಇದ್ದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ 2003ರಲ್ಲಿ ‘ಕಾಗ್ನಿಶನ್’ ಪತ್ರಿಕೆಯಲ್ಲಿ ಬರೆದದ್ದು. ಮಗುವಿನ ಮಿದುಳು ವ್ಯಾಕರಣವನ್ನು ಬರೀ ಕೇಳಿ ಕಲಿಯುತ್ತಾ, ಅಥವಾ ಸ್ವಲ್ಪ ಹುಟ್ಟುವಾಗಲೇ ತಂದಿರುತ್ತಾ ಅನ್ನೋದು ಪ್ರಶ್ನೆ. ಪರೀಕ್ಷೆಗೆ ಆರಿಸಿಕೊಂಡದ್ದು ನಮ್ಮ ಕನ್ನಡ!

ಕಾರಣ ‘ಇಸು’. ಬೀಳು–ಬೀಳಿಸು, ಮಲಗು–ಮಲಗಿಸು. ಇಸು ಸೇರಿತು ಅಂದ್ರೆ ಯಾರೋ ಇನ್ನೊಬ್ಬರಿಗೆ ಏನೋ ಮಾಡ್ತಿದ್ದಾರೆ ಅಂತ. ನಾಮಪದಗಳನ್ನೋ ನಾವು ಬೇಕಾದಾಗ ನುಂಗಿಬಿಡ್ತೇವೆ. ಹಾಗಾಗಿ ಕನ್ನಡದ ಮಗು ನಂಬಬೇಕಾದದ್ದು ಇಸುವನ್ನು. ಆದರೆ ಮೂರು ವರ್ಷದ ಆಸುಪಾಸಿನ ಮಕ್ಕಳು ಬೊಂಬೆ ಹಿಡಿದು ಆಡಿ ತೋರಿಸಿದ್ದು ಬೇರೆಯೇ. ‘ಮೊಸಳೆ ಕುದುರೆಯನ್ನು ಬೀಳುತ್ತೆ’ (ಉದಾಹರಣೆ ನನ್ನದು) ಅನ್ನುವಂಥ ತಪ್ಪು ವಾಕ್ಯಕ್ಕೆ ಒಂದು ಇನ್ನೊಂದನ್ನು ಬೀಳಿಸೋ ಆಟ. ‘ಮೊಸಳೆ ಬೀಳಿಸುತ್ತೆ’ ಅಂಥದ್ದಕ್ಕೆ ಮೊಸಳೆ ಒಂದೇ ಬೀಳೋ ಆಟ. ಅಂದರೆ ಮಕ್ಕಳು ಇಸುವನ್ನು ಬಿಟ್ಟು ಹೆಸರುಗಳನ್ನು ಎಣಿಸಿದರು. ಎಷ್ಟು ಹೆಸರೋ ಅಷ್ಟು ಪಾತ್ರ ಅನ್ನೋ ನಿರೀಕ್ಷೆ ಹುಟ್ಟಿನಿಂದಲೇ ಇದೆ ಅಂತ ಲೇಖಕರ ತೀರ್ಮಾನ.

ಮೊದಲ ಅರ್ಧಕ್ಕೆ ನನ್ನ ತಕರಾರಿಲ್ಲ, ಅದು ನಿಜಕ್ಕೂ ಬೆರಗು. ಎರಡನೆಯದು ಒಪ್ಪಿಗೆಯಾಗಲಿಲ್ಲ. ನಾವು ನಾಮಪದ ನುಂಗೋದು ಮಾತಾಡುವವರಿಗೂ ಕೇಳುವವರಿಗೂ ಅದು ಗೊತ್ತಿರುವಾಗ ಮಾತ್ರ. ತಂಗಿ ಭಾವನಿಗೆ ‘ಮಲಗ್ಸಿ’ ಅಂದ್ರೆ ಯಾರನ್ನ ಅಂತ ಅವರು ಕೇಳಲ್ಲ. ಹಿಂದೆಮುಂದೆ ಇಲ್ಲದೆ ‘ಮೊಸಳೆ ಬೀಳಿಸುತ್ತೆ’ ಅಂದ್ರೆ ನಾನೂ ‘ಯಾರನ್ನ?’ ಅಂತೀನಿ. ಮಗು ಅದನ್ನ ಕೇಳೋ ಬದಲು ಕೈಯಲ್ಲಿದ್ದ ಮೊಸಳೆಯನ್ನೇ ಬೀಳಿಸಿದರೆ ಅದಕ್ಕೆ ಇಸು ತಲುಪಿಲ್ಲ ಅನ್ನೋಕಾಗುತ್ತಾ?

ತಂಗಿ ಮಗನಿಗೆ ಮೂರೂವರೆ. ಮನೇಲಿ ಕನ್ನಡ, ಆಟಕ್ಕೆ ಹಿಂದಿ, ಕೆಲಸಕ್ಕೆ ಬರೋ ಅಕ್ಕನ ಜೊತೆ ಕೊಂಕಣಿ. ಕನ್ನಡ ಒಂದನ್ನೇ ಕೇಳೋ ಮಗು ಇಲ್ಲಿ ಸಿಗೋದು ಕಷ್ಟ. ಮೊಸಳೆ ಬೊಂಬೆ ಮಾತ್ರ ಸಿಕ್ಕಿತು (ಕಾಳಿ ನದಿ ಹತ್ತಿರದ ಮನೆಯಲ್ವಾ). ಸುಮ್ಮನೆ ‘ಮೊಸಳೆ ಬೀಳ್ಸ್ತು’ ಅಂದೆ. ಮೊಸಳೆಯನ್ನ ಉರುಳಿಸಿದ, ಲೇಖನದಲ್ಲಿ ಇದ್ದ ಹಾಗೇ. ಆಮೇಲೆ ಕಥೆ ಮಾಡಿ ಹೇಳಿದೆ: ‘ಕುದುರೆ ಕಟ್ಟೆ ಮೇಲೆ ನಿಂತಿತ್ತು. ಮೊಸಳೆ ಬಂತು. ಬೀಳ್ಸ್ತು.’ ಮೊಸಳೆ ಮೂತಿಯಿಂದ ಕುದುರೆಯನ್ನ ಒಂದೇ ಏಟಿಗೆ ಕೆಡವಿದ. ಕೊನೇ ವಾಕ್ಯದಲ್ಲಿ ಒಂದೂ ಹೆಸರಿಲ್ಲ!

ಒಂದು ಮಗು, ಒಂದು ಸಂಜೆ. ಇದು ಪುರಾವೆ ಅಲ್ಲ, ಗೊತ್ತು. ಆದರೆ ನುಂಗಿದ ನಾಮಪದದ ಬಗ್ಗೆ ಪರೀಕ್ಷೆ ಮಾಡೋರು ಕಥೆಯನ್ನೂ ಜೊತೆಗೆ ಕೊಡಬೇಕಿತ್ತು.

ಹತ್ತೂವರೆ ಆಗಿತ್ತು. ಒಳಗಿಂದ ತಂಗಿ ಕೂಗಿದಳು: ‘ಅಣ್ಣಾ, ಸಾಕು, ಮಲಗ್ಸು!’ ನಾನು ಏಳೋ ಮೊದಲೇ ಅವನು ಮೊಸಳೆ ಸಮೇತ ಮಂಚದ ಕೆಳಗೆ ನುಸುಳಿದ್ದ.